ಗ್ವಾದಲಿಯಲ್ಲಿ ಮಣ್ಣೆತ್ತು

ನಮ್ಮ ಅಳ್ನಾವರದಲ್ಲಿ ಮಳೆ ಧಾರವಾಡಕ್ಕಿಂತ ಜೋರು, ಹೊಲ ಅಂದ್ರೆ ಭತ್ತ. ಹೋದ ವರ್ಷ ಎತ್ತು ಮಾರೋಕೆ ಅಪ್ಪನಿಗೆ ಹೇಳಿದವನು ನಾನೇ. ಬೆಂಗಳೂರಲ್ಲಿ ಕೂತು ಮೇವಿನ ಖರ್ಚು, ಟ್ರ್ಯಾಕ್ಟರ್ ಬಾಡಿಗೆ ಎಲ್ಲಾ ಎಕ್ಸೆಲ್‌ಗೆ ಹಾಕಿ ತೋರಿಸಿದ್ದೆ. ಲೆಕ್ಕ ಸರಿಯೇ ಇತ್ತು.

ಈ ಸಲ ಕಾರಹುಣ್ಣಿಮೆಗೆ ಬಣ್ಣ ಹಚ್ಚಲು ಕೊಂಬೇ ಇರಲಿಲ್ಲ. ಅವ್ವ ಹೋಳಿಗೆ ಮಾಡಿದ್ದಳು. ಅಪ್ಪ ಅರ್ಧಕ್ಕೇ ಎದ್ದ.

ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಪ್ರತಿ ವರ್ಷ ಪೇಟೆಯಿಂದ ತರುತ್ತಿದ್ದವ, ಈ ಬಾರಿ ಗದ್ದೆಯ ಮಣ್ಣು ಕಲಸಿ ತಾನೇ ಮಾಡಿದ. ಕಣ್ಣಿಗೆ ಜೋಳದ ಕಾಳು. ಒಂದರ ಕೊಂಬು ಬೇಕಂತಲೇ ಸೊಟ್ಟ; ನಮ್ಮ ಎಡಗಡೆ ಎತ್ತಿನದು ಹಂಗೇ ಇತ್ತು. ಪೂಜೆ ಮುಗಿದ ಮೇಲೆ ಎರಡನ್ನೂ ಖಾಲಿ ಗ್ವಾದಲಿಯಲ್ಲಿಟ್ಟು ಒಂದು ಹಿಡಿ ಹುಲ್ಲು ಹಾಕಿದ.

"ಅಪ್ಪಾ, ಮತ್ತ ಒಂದ್ ಜೋಡಿ ತರೋಣೇನು?"

"ನೀ ಬಂದು ಮೇಯಿಸ್ತಿಯೇನು?"

ಸಂಜೆ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿದೆ. ಸರದಿ ಬರೋಕೆ ಎಂಟು ದಿನ ಅಂದ. ಮಳೆ ಆಗಲೇ ಹಿಡಿದಿತ್ತು.