ಮತಯಂತ್ರದ ಕಾವಲು ಯಾರ ಕೈಯಲ್ಲಿ?

"ಗುಂಡಿ ಒತ್ತಿದ್ದು ಒಬ್ಬನಿಗೆ, ವೋಟು ಬಿದ್ದದ್ದು ಇನ್ನೊಬ್ಬನಿಗೆ!" ಫಲಿತಾಂಶದ ಮಾರನೇ ದಿನ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಈ ಮಾತು ಏಳದಿದ್ದರೆ ಕೇಳಿ. ಗೆದ್ದವನಿಗೆ ಯಂತ್ರ ದೇವರು, ಸೋತವನಿಗೆ ದೆವ್ವ.

ಜಗಳ ಹೊಸದೇನಲ್ಲ. 1982ರಲ್ಲಿ ಕೇರಳದ ಪರೂರು ವಿಧಾನಸಭಾ ಕ್ಷೇತ್ರದ 50 ಬೂತುಗಳಲ್ಲಿ ಮೊಟ್ಟಮೊದಲು ಯಂತ್ರ ಇಟ್ಟರು. ಕಮ್ಯುನಿಸ್ಟ್ ಅಭ್ಯರ್ಥಿ ಶಿವನ್ ಪಿಳ್ಳೆ 'ಇದು ಬೇಡ' ಎಂದು ಮತದಾನಕ್ಕೆ ಮುಂಚೆಯೇ ಕೋರ್ಟಿಗೆ ಹೋಗಿದ್ದರು. ತಮಾಷೆ ನೋಡಿ, 123 ವೋಟಿನಿಂದ ಗೆದ್ದದ್ದು ಅವರೇ! ಈಗ ಕೋರ್ಟು ಹತ್ತುವ ಸರದಿ ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್ ಅವರದ್ದು. 1984ರಲ್ಲಿ ಸುಪ್ರೀಂ ಕೋರ್ಟು ಯಂತ್ರ ಕೆಟ್ಟದ್ದು ಅನ್ನಲಿಲ್ಲ; ಯಂತ್ರದಲ್ಲಿ ವೋಟು ಹಾಕಿಸಲು ಕಾನೂನೇ ಇಲ್ಲವಲ್ಲ ಎಂದಿತು. ಆ 50 ಬೂತುಗಳಲ್ಲಿ ಮತಪತ್ರದಲ್ಲಿ ಮರುಮತದಾನ ನಡೆದು, ಜೋಸ್ ಗೆದ್ದರು. ಯಂತ್ರಕ್ಕೆ ಕಾನೂನಿನ ಬಲ ಬಂದದ್ದು 1989ರಲ್ಲಿ.

ಇಂದಿನ ಯಂತ್ರ ತಯಾರಾಗುವುದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್‌ನಲ್ಲಿ. ಇಂಟರ್‌ನೆಟ್ ಸಂಪರ್ಕವೇ ಇಲ್ಲದ ಪೆಟ್ಟಿಗೆ ಅದು. ದೂರದಲ್ಲಿ ಕೂತು ಮೊಬೈಲಿನಲ್ಲಿ ತಿರುಚುತ್ತಾರೆ ಅನ್ನೋದು ಬರೀ ಕಟ್ಟೆ ಪುರಾಣ. ಹಾಗಂತ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಯಂತ್ರ ಕೈಗೆ ಸಿಕ್ಕರೆ ಒಳಗಿನ ಭಾಗ ಬದಲಿಸಿ ಲೆಕ್ಕ ತಪ್ಪಿಸಬಹುದೆಂದು 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್ ಮತ್ತು ಇಬ್ಬರು ವಿದೇಶಿ ತಜ್ಞರು ತೋರಿಸಿಕೊಟ್ಟರು. ಅಂದರೆ ಕಾಯಬೇಕಾದದ್ದು ಪೆಟ್ಟಿಗೆಯನ್ನು, ಅದರ ಸೀಲನ್ನು, ಅದನ್ನಿಟ್ಟ ಕೋಣೆಯನ್ನು.

ಕಾಯೋರು ಯಾರು? ಬರೀ ಪೊಲೀಸರಲ್ಲ, ಪಕ್ಷಗಳ ಬೂತ್ ಏಜೆಂಟರೂ ಹೌದು. ಬೆಳಿಗ್ಗೆ 7ಕ್ಕೆ ಮತದಾನವಾದರೆ 5-30ಕ್ಕೇ ಅಣಕು ಮತದಾನ: ಕನಿಷ್ಠ 50 ವೋಟು ಒತ್ತಿಸಿ, ಲೆಕ್ಕ ತಾಳೆ ನೋಡಿ, ಅಳಿಸಿ, ಸೀಲು ಹಾಕುತ್ತಾರೆ. ಆ ಸೀಲಿನ ಮೇಲೆ ಏಜೆಂಟರೂ ಸಹಿ ಮಾಡಬಹುದು. ಸಂಜೆ ಒಟ್ಟು ಎಷ್ಟು ವೋಟು ಬಿತ್ತೆಂಬ 17ಸಿ ನಮೂನೆಯ ನಕಲು ಅವರ ಕೈಗೇ ಕೊಡುತ್ತಾರೆ. ಎಣಿಕೆ ದಿನ ಯಂತ್ರದ ಲೆಕ್ಕ ಇದಕ್ಕೆ ಕೂಡಬೇಕು. ಏಜೆಂಟಪ್ಪ ಇಡ್ಲಿ ತಿಂದು ಎಂಟಕ್ಕೆ ಬಂದು, ನಕಲು ಇಸ್ಕೊಳ್ಳದೆ ಮನೆಗೆ ಹೋದರೆ ಆಮೇಲೆ ಯಂತ್ರವನ್ನು ಬೈದು ಏನು ಬಂತು?

ಮತದಾರನ ಪಾಲಿಗೂ 7 ಸೆಕೆಂಡಿನ ಕೆಲಸವಿದೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಬಂದ ವಿವಿಪ್ಯಾಟ್ ಗಾಜಿನೊಳಗೆ ಚೀಟಿ ಅಷ್ಟು ಹೊತ್ತು ಕಾಣುತ್ತೆ. ಒತ್ತಿದ ಚಿಹ್ನೆಯೇ ಬಂತಾ, ನೋಡಿಕೊಳ್ಳಬೇಕು.

ಇನ್ನೂ ಅನುಮಾನವೇ? 2024ರ ಏಪ್ರಿಲ್ ತೀರ್ಪಿನಂತೆ ಎರಡು, ಮೂರನೇ ಸ್ಥಾನದವರು ಫಲಿತಾಂಶದ 7 ದಿನದೊಳಗೆ ಬರೆದುಕೊಟ್ಟರೆ ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5ರಷ್ಟು ಯಂತ್ರಗಳ ಪರೀಕ್ಷೆ ಕೇಳಬಹುದು. ಖರ್ಚು ಕೇಳಿದವರದ್ದೇ, ತಿರುಚಿದ್ದು ಸಾಬೀತಾದರೆ ದುಡ್ಡು ವಾಪಸ್.