ಅಂಗಳದಿಂದ ಬೀದಿಗೆ: ಸಾಕುಪ್ರಾಣಿಗಳ ಸಂತಾನ ನಿಯಂತ್ರಣ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಯಿ ಕೊಟ್ಟಿಗೆಯನ್ನೂ ಕುರಿಹಟ್ಟಿಯನ್ನೂ ಕಾದರೆ, ಬೆಕ್ಕು ಭತ್ತ ರಾಗಿಗಳ ಮೂಟೆಗಳಿಗೆ ಇಲಿ ಬೀಳದಂತೆ ನೋಡಿಕೊಳ್ಳುತ್ತದೆ. ಇವನ್ನು ಕಟ್ಟಿ ಸಾಕುವ ರೂಢಿ ಕಡಿಮೆಯಾದ್ದರಿಂದ ಮನೆಯಲ್ಲಿ ಉಂಡು ಬೀದಿ ಸುತ್ತುವ ಪ್ರಾಣಿಗೂ ಯಾರಿಗೂ ಸೇರದ ಪ್ರಾಣಿಗೂ ಹೆಚ್ಚಿನ ಅಂತರವಿಲ್ಲ. ಬೀದಿನಾಯಿಗಳ ಹಾವಳಿಯೆಂದು ಪುರಸಭೆಗೆ ದೂರು ಹೋಗುವ ಸಮಸ್ಯೆಯ ಒಂದು ಬೇರು ಮನೆಯಂಗಳದಲ್ಲೇ ಇದೆ.

ಹೆಣ್ಣುನಾಯಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೊದಲ ಸಲ ಬೆದೆಗೆ, ಅಂದರೆ ಗರ್ಭ ಕಟ್ಟುವ ಸ್ಥಿತಿಗೆ ಬಂದು, ಆಮೇಲೆ ವರ್ಷಕ್ಕೆ ಸುಮಾರು ಎರಡು ಸಲ ಬೆದೆಗೆ ಬರುತ್ತದೆ; ಗರ್ಭದ ಅವಧಿ ಸುಮಾರು 63 ದಿನ. ಬೆಕ್ಕಾದರೋ ನಾಲ್ಕೈದು ತಿಂಗಳಿಗೇ ಪ್ರಾಯಕ್ಕೆ ಬರಬಲ್ಲದು, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಹುಟ್ಟಿದ ನಾಯಿಮರಿಗಳಲ್ಲಿ ಗಂಡನ್ನು ಕೇಳಿ ಒಯ್ಯುವವರು ಸಿಗುತ್ತಾರಾದರೂ, ಮುಂದೆ ಮರಿ ಹಾಕುತ್ತವೆಂಬ ಅಂಜಿಕೆಯಿಂದ ಹೆಣ್ಣನ್ನು ಕೇಳುವವರು ಕಡಿಮೆ; ಅವನ್ನು ಚೀಲದಲ್ಲಿ ತುಂಬಿ ಸಂತೆಮಾಳದಲ್ಲೋ ದೇವಸ್ಥಾನದ ಬಳಿಯೋ ಬಿಟ್ಟು ಬರುವುದುಂಟು. ಅವುಗಳಲ್ಲಿ ಬದುಕಿ ಉಳಿದದ್ದು ಬೀದಿಯಲ್ಲೇ ಮರಿ ಹಾಕತೊಡಗುವುದರಿಂದ, ಒಂದು ಮನೆ ಇಳಿಸಿಕೊಂಡ ಹೊರೆಯನ್ನು ಊರು ಹೊರಬೇಕಾಗುತ್ತದೆ.

ಇದಕ್ಕಿರುವ ಪರಿಹಾರ ಸಂತಾನಹರಣ ಶಸ್ತ್ರಚಿಕಿತ್ಸೆ: ಅರಿವಳಿಕೆ ಕೊಟ್ಟು ಹೆಣ್ಣಿನ ಅಂಡಾಶಯ ಮತ್ತು ಗರ್ಭಕೋಶಗಳನ್ನು, ಗಂಡಿನ ವೃಷಣಗಳನ್ನು ತೆಗೆಯಲಾಗುತ್ತದೆ. ಇದರಿಂದ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಅಪಾಯ ತರುವ ಕಾಯಿಲೆ ತಪ್ಪುತ್ತದೆ. ಮೊದಲ ಬೆದೆಗೆ ಮುನ್ನವೇ ಮಾಡಿಸಿದರೆ ಹೆಣ್ಣುನಾಯಿಗೆ ಮೊಲೆಯಲ್ಲಿ ಗಡ್ಡೆಯಾಗುವ ಸಾಧ್ಯತೆಯೂ ಬಹಳ ತಗ್ಗುತ್ತದೆ. ದೊಡ್ಡ ತಳಿಯ ನಾಯಿಗಳಿಗೆ ತಕ್ಕ ವಯಸ್ಸನ್ನು ಪಶುವೈದ್ಯರೇ ಹೇಳಬೇಕು. ಒಂದು ಸಲವಾದರೂ ಮರಿ ಹಾಕದಿದ್ದರೆ ಪ್ರಾಣಿಗೆ ಕೆಡುಕೆಂಬ ನಂಬಿಕೆಗೆ ಆಧಾರವಿಲ್ಲ. ಕಾವಲಿನ ಗುಣವೂ ಅಳಿಯುವುದಿಲ್ಲ. ಮೈ ಬರುವುದನ್ನು ಆಹಾರದ ಅಳತೆಯಿಂದ ತಡೆಯಬಹುದು. ಹೋರಿಯ ಬೀಜ ಒಡೆಸಿ ಎತ್ತನ್ನು ನೊಗಕ್ಕೆ ಹೂಡುವುದನ್ನು ತಲೆಮಾರುಗಳಿಂದ ಕಂಡಿರುವ ರೈತ ಕುಟುಂಬಗಳಿಗೆ ಈ ವಿಚಾರ ಪೂರ್ತಿ ಹೊಸದೇನಲ್ಲ.

ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯನ್ನು ಪಂಚಾಯಿತಿಗಳೂ ಸೇರಿದಂತೆ ಸ್ಥಳೀಯ ಸಂಸ್ಥೆಗಳಿಗೂ, ಸಾಕುಪ್ರಾಣಿಗಳ ಹೊಣೆಯನ್ನು ಅವುಗಳ ಮಾಲೀಕರಿಗೂ ವಹಿಸಿವೆ. ಬೆಂಗಳೂರಿನಲ್ಲಿ 2019ರ ಸಮೀಕ್ಷೆಯಂತೆ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದವು. ಇದೇ ಅವಧಿಯಲ್ಲಿ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪಾಲು ಶೇ. 51ರಿಂದ ಶೇ. 72ರ ಸಮೀಪಕ್ಕೆ ಏರಿತು. ಮಹಾನಗರದ ಹಣಬಲವಿಲ್ಲದ ಸಣ್ಣ ಪುರಸಭೆಗಳಲ್ಲಿ ಮನೆಗಳಿಂದ ಬೀದಿಗೆ ಬರುವ ಮರಿಗಳು ನಿಲ್ಲದಿದ್ದರೆ, ಹಿಡಿದು ಶಸ್ತ್ರಚಿಕಿತ್ಸೆ ಮಾಡಿದಷ್ಟೂ ಹೊಸವು ಸೇರುತ್ತಲೇ ಇರುತ್ತವೆ.

ಈ ಸೀಮೆಯಲ್ಲಿ ಸಂತಾನ ನಿಯಂತ್ರಣಕ್ಕೆ ಇನ್ನೊಂದು ಕಾರಣವೂ ಇದೆ. ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿಸಲಾದ ಮೇಲುಕೋಟೆ ವನ್ಯಧಾಮವೂ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಧಾಮವೂ ಊರುಗಳಿಗೆ ಅಂಟಿಕೊಂಡೇ ಇದ್ದು, ಅಡ್ಡಾಡುವ ನಾಯಿಗಳು ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಮೇಲೆ ಬೀಳುವುದಲ್ಲದೆ, ರೇಬೀಸ್ ಹಾಗೂ ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ರೋಗವನ್ನು ತೋಳಗಳಿಗೆ ಅಂಟಿಸಬಲ್ಲವು. ಕರ್ನಾಟಕವು 2022ರಲ್ಲಿ ರೇಬೀಸನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದೆ.

ರೇಬೀಸ್ ಲಸಿಕೆಯ ಶಿಬಿರಕ್ಕೆ ಬರುವ ಸಾಕುನಾಯಿಗಳನ್ನು ಪಂಚಾಯಿತಿ ಅಲ್ಲಿಯೇ ಪಟ್ಟಿ ಮಾಡಿ, ಹೆಣ್ಣುಗಳಿಗೆ ಮೊದಲ ಆದ್ಯತೆ ಕೊಟ್ಟು ಪಶು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿಸಿದರೆ, ಹೆಣ್ಣುಮರಿಯನ್ನು ಸಾಕಲು ಇರುವ ಅಂಜಿಕೆಯೇ ಇಲ್ಲವಾಗಿ, ಅದನ್ನು ಊರಾಚೆ ಬಿಡುವ ಕಾರಣವೂ ಉಳಿಯುವುದಿಲ್ಲ.