ನಾಲ್ವರು ಗೆಳೆಯರು, ನಾಲ್ಕು ಸಮಪಾಲು

ಅಮೆರಿಕದ ಕಾಲೇಜು ಊರೊಂದರಲ್ಲಿ ಹುಟ್ಟಿ, 31 ವರ್ಷ ಹಾಡಿ, ಜಗಳವಿಲ್ಲದೆ ಬಾಗಿಲು ಹಾಕಿದ ರಾಕ್ ತಂಡ ‘ಆರ್.ಇ.ಎಂ.’ ಕತೆ ಇದು.

ಗಿಟಾರ್ ಬೇಕೆಂದು ಮಗ ಹಟ ಹಿಡಿದರೆ ಹೆತ್ತವರು ಹೇಗಾದರೂ ಹೊಂದಿಸಿ ಕೊಡಿಸಿಯಾರು. ಆದರೆ ಕಾಲೇಜು ಬಿಟ್ಟು ಗಿಟಾರನ್ನೇ ನೆಚ್ಚಿಕೊಳ್ಳುತ್ತೇನೆ ಎಂದುಬಿಟ್ಟರೆ? ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಅದರಲ್ಲೂ ರಾಕ್ ಸಂಗೀತ ಎಂದರೆ ಹಿರಿಯರ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ: ಕಿವಿಗಡಚಿಕ್ಕುವ ಸದ್ದು, ಅಂಕೆಯಿಲ್ಲದ ಬದುಕು, ಕೈಗೆ ನಾಲ್ಕು ಕಾಸು ಸೇರಿದೊಡನೆ ಗೆಳೆಯರಲ್ಲೇ ಕೋರ್ಟು ಕಚೇರಿ. ಈ ಚಿತ್ರ ಪೂರ್ತಿ ಸುಳ್ಳೇನೂ ಅಲ್ಲ. ಎಷ್ಟೋ ಹೆಸರಾಂತ ತಂಡಗಳು ಒಡೆದದ್ದು ಹಾಡಿನ ವಿಷಯಕ್ಕಲ್ಲ, ಹಾಡಿನ ಹಣದ ವಿಷಯಕ್ಕೆ.

ಈ ಮಾತಿಗೆ ಅಪವಾದವಾಗಿ ನಿಂತ ತಂಡ ಆರ್.ಇ.ಎಂ. ‘ಆಲ್ಟರ್ನೇಟಿವ್ ರಾಕ್’ ಎಂದು ಈಗ ಕರೆಯುವ ಸಂಗೀತಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಇವರು ಮೊದಲ ಸಾಲಿನವರು. ಇವರ ಹಾಡು ಇಷ್ಟವಾಗದವರಿಗೂ ಇವರು ನಡೆದುಕೊಂಡ ರೀತಿಯಲ್ಲಿ ಕಲಿಯುವುದಕ್ಕೆ ಸಾಕಷ್ಟಿದೆ.

ಹಳೆಯ ಚರ್ಚಿನಲ್ಲಿ ಹುಟ್ಟು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲೂ ಒಂದು ಅಥೆನ್ಸ್ ಇದೆ. ಗ್ರೀಸ್ ದೇಶದ ಅಥೆನ್ಸ್‌ನಂತೆ ವಿದ್ಯೆಯ ನೆಲೆಯಾಗಲಿ ಎಂದು ಇಟ್ಟ ಹೆಸರು. 1785ರಲ್ಲಿ ಸ್ಥಾಪನೆಗೊಂಡ ಜಾರ್ಜಿಯಾ ವಿಶ್ವವಿದ್ಯಾಲಯವೇ ಈ ಊರಿನ ಜೀವ. ವಿದ್ಯಾರ್ಥಿಗಳು ಬಂದರೆ ಊರು ತುಂಬುತ್ತದೆ, ರಜೆಗೆ ಹೋದರೆ ಬಿಕೋ ಎನ್ನುತ್ತದೆ. ಧಾರವಾಡ, ಮಣಿಪಾಲಗಳನ್ನು ಬಲ್ಲವರಿಗೆ ಇಂಥ ಊರಿನ ಸ್ವಭಾವವನ್ನು ವಿವರಿಸಿ ಹೇಳಬೇಕಿಲ್ಲ.

ಈ ಊರಿನ ‘ವಕ್ಸ್‌ಟ್ರಿ’ ಎಂಬ ಗ್ರಾಮಫೋನ್ ತಟ್ಟೆಗಳ ಅಂಗಡಿಯಲ್ಲಿ ಪೀಟರ್ ಬಕ್ ಎಂಬ ಯುವಕ ಕೆಲಸಕ್ಕಿದ್ದ. ಅಲ್ಲಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಮೈಕೆಲ್ ಸ್ಟೈಪ್ ಎಂಬ ಚಿತ್ರಕಲೆಯ ವಿದ್ಯಾರ್ಥಿಯೂ ಒಬ್ಬ. ಬಕ್ ತನಗಾಗಿ ತೆಗೆದಿಡಬೇಕೆಂದುಕೊಂಡ ತಟ್ಟೆಗಳನ್ನೇ ಸ್ಟೈಪ್ ಕೊಳ್ಳುತ್ತಿದ್ದ. ಅಭಿರುಚಿ ಒಂದೇ ಆದಮೇಲೆ ಸ್ನೇಹಕ್ಕೆ ತಡವೇನು?

ಇನ್ನಿಬ್ಬರು ಅದೇ ರಾಜ್ಯದ ಮೇಕನ್ ಊರಿನವರು, ಹೈಸ್ಕೂಲಿನ ಸಹಪಾಠಿಗಳು. ಮೈಕ್ ಮಿಲ್ಸ್ ಓದಿನಲ್ಲಿ ಚುರುಕು, ಶಿಸ್ತಿನ ಹುಡುಗ. ಬಿಲ್ ಬೆರಿ ತುಂಟ. ಮೊದಮೊದಲು ಬೆರಿಗೆ ಮಿಲ್ಸ್‌ನನ್ನು ಕಂಡರೇ ಆಗುತ್ತಿರಲಿಲ್ಲ. ಒಮ್ಮೆ ಗೆಳೆಯರೆಲ್ಲ ಸೇರಿ ವಾದ್ಯ ನುಡಿಸಲು ಕೂತಾಗ ಮಿಲ್ಸ್ ಒಳಗೆ ಬಂದ. ಎದ್ದು ಹೋಗೋಣವೆಂದರೆ ಬೆರಿ ಆಗಲೇ ತನ್ನ ಡ್ರಮ್ಸ್ ಎಲ್ಲವನ್ನೂ ಜೋಡಿಸಿ ಆಗಿತ್ತು! ಬಿಚ್ಚುವ ಬೇಸರಕ್ಕೆ ಕೂತವನು ಮಿಲ್ಸ್‌ನ ಜೀವದ ಗೆಳೆಯನಾದ. ಮುಂದೆ ಇಬ್ಬರೂ ಅಥೆನ್ಸ್‌ನಲ್ಲಿ ಓದಲು ಬಂದರು.

1980ರ ಏಪ್ರಿಲ್ 5. ಪೂಜೆ ನಿಂತು, ಬಾಡಿಗೆ ಮನೆಯಾಗಿ ಮಾರ್ಪಟ್ಟಿದ್ದ ಹಳೆಯ ಚರ್ಚೊಂದರಲ್ಲಿ ಗೆಳತಿಯೊಬ್ಬಳ ಹುಟ್ಟುಹಬ್ಬ. ಅಂದು ಈ ನಾಲ್ವರೂ ಮೊದಲ ಬಾರಿಗೆ ಜನರೆದುರು ನುಡಿಸಿದರು. ಆಗ ತಂಡಕ್ಕೊಂದು ಗಟ್ಟಿ ಹೆಸರೂ ಇರಲಿಲ್ಲ. ಆಮೇಲೆ ಸ್ಟೈಪ್ ನಿಘಂಟಿನ ಪುಟ ತಿರುವಿ ಆರಿಸಿದ್ದು ‘ಆರ್.ಇ.ಎಂ.’ ನಿದ್ರೆಯಲ್ಲಿ ಕನಸು ಬೀಳುವಾಗ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಚಲಿಸುವ ಘಟ್ಟಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಅದು. ಸ್ಟೈಪ್ ಗಾಯಕ, ಬಕ್ ಗಿಟಾರ್, ಮಿಲ್ಸ್ ಬಾಸ್ ಗಿಟಾರ್, ಬೆರಿ ಡ್ರಮ್ಸ್. ಓದು ಹಿಂದೆ ಬಿತ್ತು. ಹಳೆಯ ವ್ಯಾನೊಂದರಲ್ಲಿ ವಾದ್ಯ ಹೇರಿಕೊಂಡು ಊರೂರು ಅಲೆಯುವುದೇ ಕಾಯಕವಾಯಿತು.

ಕೈಹಿಡಿದ ಕಾಲೇಜು ರೇಡಿಯೋ

ಆ ಕಾಲಕ್ಕೆ ಅಮೆರಿಕದ ದೊಡ್ಡ ರೇಡಿಯೋ ಕೇಂದ್ರಗಳು ಜಾಹೀರಾತಿನ ಹಣದಿಂದ ನಡೆಯುತ್ತಿದ್ದವು. ಗೆದ್ದ ಹಾಡುಗಳನ್ನೇ ಅವು ಮತ್ತೆ ಮತ್ತೆ ಹಾಕುತ್ತಿದ್ದವು. ಹೊಸಬರಿಗೆ ಬಾಗಿಲು ತೆರೆದದ್ದು ಕಾಲೇಜು ರೇಡಿಯೋ. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಪುಟ್ಟ ಎಫ್.ಎಂ. ಕೇಂದ್ರಗಳಿದ್ದವು. ಅಲ್ಲಿ ಲಾಭದ ಲೆಕ್ಕವಿರಲಿಲ್ಲ. ಮಧ್ಯರಾತ್ರಿ ಮೈಕಿನ ಮುಂದೆ ಕೂತ ವಿದ್ಯಾರ್ಥಿಗೆ ಇಷ್ಟವಾದರೆ ಹಾಡು ಪ್ರಸಾರವಾದಂತೆಯೇ. ಹೀಗೆ ಒಂದು ಕ್ಯಾಂಪಸ್ಸಿನಿಂದ ಇನ್ನೊಂದಕ್ಕೆ ಹಬ್ಬಿದ ಸಂಗೀತವನ್ನು ಮೊದಲು ‘ಕಾಲೇಜು ರಾಕ್’ ಎಂದರು. ಮಾರುಕಟ್ಟೆಯ ಸಂಗೀತಕ್ಕೆ ಪರ್ಯಾಯ ಎಂಬ ಅರ್ಥದಲ್ಲಿ ‘ಆಲ್ಟರ್ನೇಟಿವ್ ರಾಕ್’ ಎಂಬ ಹೆಸರು ಆಮೇಲೆ ನೆಲೆನಿಂತಿತು.

ಆರ್.ಇ.ಎಂ.ನ ಮೊದಲ ತಟ್ಟೆ ‘ರೇಡಿಯೋ ಫ್ರೀ ಯುರೋಪ್’ 1981ರಲ್ಲಿ ಹಿಬ್‌ಟೋನ್ ಎಂಬ ಪುಟ್ಟ ಕಂಪನಿಯಿಂದ ಬಂತು. ಅದರ ಮುದ್ರಣ ನಡೆದದ್ದು ಮಿಚ್ ಈಸ್ಟರ್ ಎಂಬ ಸಂಗೀತಗಾರನ ಸ್ಟುಡಿಯೋದಲ್ಲಿ. ಸ್ಟುಡಿಯೋ ಎಂದರೆ ಬೇರೇನಲ್ಲ, ಆತನ ತಂದೆತಾಯಿ ಬಿಟ್ಟುಕೊಟ್ಟಿದ್ದ ಕಾರ್ ಶೆಡ್ಡು! ಆ ತಟ್ಟೆಯನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ವರ್ಷದ ಹತ್ತು ಉತ್ತಮ ತಟ್ಟೆಗಳ ಪಟ್ಟಿಗೆ ಸೇರಿಸಿತು.

ಹೆಸರು ಕೇಳಿಬಂದೊಡನೆ ದೊಡ್ಡ ಕಂಪನಿ ಆರ್.ಸಿ.ಎ. ಆಸಕ್ತಿ ತೋರಿಸಿತು. ಗೆಳೆಯರು ಬೇಡವೆಂದು ಐ.ಆರ್.ಎಸ್. ಎಂಬ ಚಿಕ್ಕ ಕಂಪನಿಯನ್ನು ಆರಿಸಿಕೊಂಡರು. 1983ರಲ್ಲಿ ಮೊದಲ ಪೂರ್ಣ ಆಲ್ಬಂ ‘ಮರ್ಮರ್’ ಹೊರಬಂತು. ಕನ್ನಡದ ‘ಮರ್ಮರ’ವನ್ನೇ ನೆನಪಿಸುವ ಈ ಹೆಸರು ಆಲ್ಬಮ್ಮಿಗೆ ಚೆನ್ನಾಗಿ ಒಪ್ಪುತ್ತಿತ್ತು. ಸ್ಟೈಪ್ ಹಾಡುತ್ತಿದ್ದುದೇ ಗೊಣಗಿದ ಹಾಗೆ. ಪದಗಳು ಪೂರ್ತಿ ತಿಳಿಯುತ್ತಿರಲಿಲ್ಲ, ಭಾವ ಮಾತ್ರ ಮನಸ್ಸಿಗೆ ಇಳಿಯುತ್ತಿತ್ತು. ಅದೇ ವರ್ಷ ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಜಗತ್ತನ್ನೇ ಕುಣಿಸುತ್ತಿತ್ತು. ಆದರೂ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ವರ್ಷದ ಅತ್ಯುತ್ತಮ ಆಲ್ಬಂ ಎಂದು ಆರಿಸಿದ್ದು ‘ಮರ್ಮರ್’ ಅನ್ನು.

ಆಮೇಲೂ ಅವಸರವಿಲ್ಲ. 1983ರಿಂದ 1987ರವರೆಗೆ ವರ್ಷಕ್ಕೊಂದು ಆಲ್ಬಂ, ಉಳಿದಂತೆ ಊರೂರು ಸುತ್ತಾಟ. ಪ್ರತಿಯೊಂದೂ ಹಿಂದಿನದಕ್ಕಿಂತ ತುಸು ಹೆಚ್ಚು ಜನರನ್ನು ಮುಟ್ಟಿತು. 1987ರ ‘ಡಾಕ್ಯುಮೆಂಟ್’ ಮಾತ್ರವೇ ಅಮೆರಿಕದಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಆಲ್ಬಂ. ಅಷ್ಟು ಹೊತ್ತಿಗೆ ತಂಡಕ್ಕೆ ಏಳು ವರ್ಷ. 1988ರಲ್ಲಿ ವಾರ್ನರ್ ಎಂಬ ದೊಡ್ಡ ಕಂಪನಿಗೆ ಅವರು ಸಹಿ ಹಾಕಿದಾಗ ಮಾತಾಡುವ ಬಲ ಅವರ ಕೈಯಲ್ಲಿತ್ತು.

ಹಾಜರಿ ಪುಸ್ತಕದ ನ್ಯಾಯ

ಹಾಡೊಂದು ರೇಡಿಯೋದಲ್ಲಿ ಬಂದಾಗ, ಸಿನಿಮಾಕ್ಕೆ ಬಳಕೆಯಾದಾಗ ರಾಯಧನ ಬರುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ಹಾಡು ಬರೆದವರಿಗೆ ಮತ್ತು ರಾಗ ಹಾಕಿದವರಿಗೆ ಸೇರುವಂಥದು. ಹಿಂದೆ ಕೂತು ಡ್ರಮ್ಸ್ ಬಾರಿಸಿದವನಿಗೆ ಅದರಲ್ಲಿ ಬಿಡಿಕಾಸೂ ಇಲ್ಲದಿರಬಹುದು. ಹತ್ತು ವರ್ಷ ಒಂದೇ ವ್ಯಾನಿನಲ್ಲಿ ಅಲೆದವರಲ್ಲಿ ಒಬ್ಬ ಕೋಟ್ಯಧೀಶ, ಇನ್ನೊಬ್ಬ ಬಾಡಿಗೆ ಮನೆಯವನಾಗುವುದು ಹೀಗೆ. ತಂಡಗಳು ಒಡೆಯುವುದೂ ಹೀಗೆಯೇ.

ಆರ್.ಇ.ಎಂ. ಗೆಳೆಯರು ಹಂಚಿಕೊಳ್ಳಲು ಹೆಚ್ಚೇನೂ ಇಲ್ಲದ ಕಾಲದಲ್ಲೇ ಒಂದು ನಿಯಮ ಮಾಡಿಕೊಂಡರು. ಹಾಡು ಯಾರೇ ಕಟ್ಟಲಿ, ಅದರ ಕೆಳಗೆ ನಾಲ್ವರ ಹೆಸರೂ ಇರಬೇಕು, ನಾಲ್ವರಿಗೂ ಸಮಪಾಲು ಸಲ್ಲಬೇಕು. ಹೆಸರಿನ ಕ್ರಮವೂ ಶಾಲೆಯ ಹಾಜರಿ ಪುಸ್ತಕದಂತೆ ಇಂಗ್ಲಿಷ್ ಅಕ್ಷರಮಾಲೆಯದೇ: ಬೆರಿ, ಬಕ್, ಮಿಲ್ಸ್, ಸ್ಟೈಪ್. ಎರಡನೆಯ ನಿಯಮ, ತಂಡದ ಯಾವ ತೀರ್ಮಾನಕ್ಕೂ ನಾಲ್ವರ ಒಪ್ಪಿಗೆ ಬೇಕು. ಒಬ್ಬ ಬೇಡವೆಂದರೂ ಬೇಡ. ಜೊತೆಗೆ ಬರ್ಟಿಸ್ ಡೌನ್ಸ್ ಎಂಬ ವಕೀಲ ಮೊದಲಿನಿಂದಲೂ ಬೆನ್ನಿಗಿದ್ದ. ಕಾಗದಪತ್ರ, ಕರಾರುಗಳನ್ನೆಲ್ಲ ಆತ ನೋಡಿಕೊಳ್ಳುತ್ತಿದ್ದ. ಸ್ನೇಹ ದೊಡ್ಡದು, ಆದರೆ ಲೆಕ್ಕವೂ ಚೊಕ್ಕ ಇರಬೇಕು ಎಂಬುದು ಇವರಿಗೆ ಇಪ್ಪತ್ತರ ಹರೆಯದಲ್ಲೇ ಹೊಳೆದಿತ್ತು.

ಇದರ ಫಲ ಹಾಡುಗಳಲ್ಲೂ ಕಂಡಿತು. ನನ್ನ ಹಾಡು, ನಿನ್ನ ಹಾಡು ಎಂಬ ಪೈಪೋಟಿ ಇಲ್ಲದ್ದರಿಂದ ಒಳ್ಳೆಯದು ಯಾರಿಂದ ಬಂದರೂ ಉಳಿಯಿತು. 1992ರ ‘ಆಟೊಮ್ಯಾಟಿಕ್ ಫಾರ್ ದಿ ಪೀಪಲ್’ ಆಲ್ಬಮ್ಮಿನ ‘ಎವ್ರಿಬಡಿ ಹರ್ಟ್ಸ್’ ಹಾಡಿನ ರಾಗ ಬಹುಪಾಲು ಡ್ರಮ್ಸ್ ನುಡಿಸುವ ಬೆರಿಯದು. ಬದುಕು ಸಾಕೆನಿಸಿ ಕುಗ್ಗಿದ ಹರೆಯದವರಿಗಾಗಿ ಕಟ್ಟಿದ ಹಾಡು ಅದು. ನೋವು ಎಲ್ಲರಿಗೂ ಇದೆ, ನೀನೊಬ್ಬನೇ ಅಲ್ಲ ಎಂಬುದು ಅದರ ತಿರುಳು. ಮೊದಮೊದಲು ಗೊಣಗುತ್ತಿದ್ದ ಸ್ಟೈಪ್ ಈ ಹಾಡನ್ನು ಒಂದೊಂದು ಪದವೂ ತಿಳಿಯುವಂತೆ ಹಾಡಿದ. ಕೇಳಿಸಬೇಕಾದವರಿಗೆ ಕೇಳಿಸಲಿ ಎಂದು.

ಮ್ಯಾಂಡೊಲಿನ್ ತಂದ ಭಾಗ್ಯ

ಅದಕ್ಕೂ ಮುಂಚೆ, 1991ರಲ್ಲಿ ಈ ಹೆಸರು ಜಗತ್ತಿನ ಮೂಲೆಮೂಲೆಗೆ ತಲುಪಿತ್ತು. ಗಿಟಾರ್ ನುಡಿಸಿ ಬೇಸತ್ತ ಬಕ್ ಒಂದು ಮ್ಯಾಂಡೊಲಿನ್ ಕೊಂಡು ತಂದು, ಟಿ.ವಿ. ನೋಡುತ್ತಾ ಕಲಿಯುತ್ತಿದ್ದ. ಅಭ್ಯಾಸವನ್ನು ಟೇಪಿಗೆ ಹಾಕಿಕೊಂಡು ಮರುದಿನ ಕೇಳಿದರೆ, ತಪ್ಪು ತಡಕಾಟಗಳ ನಡುವೆ ಒಂದು ಚೆಂದದ ತುಣುಕು! ಅದೇ ‘ಲೂಸಿಂಗ್ ಮೈ ರಿಲಿಜನ್’ ಹಾಡಾಯಿತು. ಹೆಸರು ಕೇಳಿ ಧರ್ಮ ಬಿಡುವ ಮಾತೆಂದು ಗಾಬರಿಯಾಗಬೇಕಿಲ್ಲ. ಅಮೆರಿಕದ ದಕ್ಷಿಣದ ಆಡುಮಾತಿನಲ್ಲಿ ಅದಕ್ಕೆ ‘ತಾಳ್ಮೆ ಕೆಡುವುದು’ ಎಂಬ ಅರ್ಥ. ಹೇಳಲಾಗದೆ ಒಳಗೇ ಬೇಯುವ ಒಮ್ಮುಖ ಪ್ರೀತಿಯೇ ಹಾಡಿನ ವಸ್ತು. ಅದು ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಅದಿದ್ದ ‘ಔಟ್ ಆಫ್ ಟೈಮ್’ ಆಲ್ಬಂ ಕೋಟಿಗೂ ಮೀರಿ ಮಾರಾಟವಾಗಿ ಮೂರು ಗ್ರ್ಯಾಮಿ ಪ್ರಶಸ್ತಿಗಳನ್ನು ತಂದಿತು.

ಈ ಹಾಡಿಗೆ ಒಂದು ಭಾರತೀಯ ನಂಟೂ ಇದೆ. ಅದರ ವೀಡಿಯೋ ನಿರ್ದೇಶಿಸಿದವನು ಜಲಂಧರ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಿತ ತರ್ಸೆಮ್ ಸಿಂಗ್. ಇಲ್ಲಿನ ಮನೆಗಳ ಗೋಡೆ ಮೇಲೆ ತೂಗುವ ದೇವರ ಕ್ಯಾಲೆಂಡರುಗಳ ಬಣ್ಣ, ಭಂಗಿಗಳನ್ನು ಆತ ಅದರಲ್ಲಿ ತಂದ. 1991ರ ವರ್ಷದ ವೀಡಿಯೋ ಎಂಬ ಎಂ.ಟಿವಿ ಪ್ರಶಸ್ತಿ ಅದಕ್ಕೇ ಸಂದಿತು.

ವೇದಿಕೆಯ ಮೇಲೆ ಎರಗಿದ ಆಪತ್ತು

1995ರ ಮಾರ್ಚ್ 1, ಸ್ವಿಟ್ಜರ್ಲೆಂಡಿನ ಲೊಸಾನ್ ನಗರ. ತುಂಬಿದ ಸಭೆಯೆದುರು ಡ್ರಮ್ಸ್ ನುಡಿಸುತ್ತಿದ್ದ ಬೆರಿಗೆ ತಲೆ ಸಿಡಿಯುವಂಥ ನೋವು. ಪರೀಕ್ಷೆ ಮಾಡಿದಾಗ ತಿಳಿದದ್ದು, ಮಿದುಳಿನ ರಕ್ತನಾಳ ಉಬ್ಬಿ ಪ್ರಾಣಕ್ಕೇ ಸಂಚಕಾರ ಬಂದಿತ್ತು. ತುರ್ತು ಶಸ್ತ್ರಚಿಕಿತ್ಸೆ ಆಯಿತು. 36ರ ಹರೆಯದ ಬೆರಿ ಬದುಕಿಕೊಂಡ, ಎರಡೂವರೆ ತಿಂಗಳಲ್ಲಿ ಮತ್ತೆ ನುಡಿಸಿದ. 1996ರಲ್ಲಿ ವಾರ್ನರ್ ಕಂಪನಿಯೊಂದಿಗೆ ಹೊಸ ಕರಾರು ಆಯಿತು. ಅದರ ಮೊತ್ತ ಸುಮಾರು 8 ಕೋಟಿ ಡಾಲರ್ ಎಂದು ಪತ್ರಿಕೆಗಳು ಅಂದಾಜು ಮಾಡಿದವು.

ಇಷ್ಟು ದೊಡ್ಡ ಕರಾರಿನ ಮರುವರ್ಷವೇ, 1997ರ ಅಕ್ಟೋಬರಿನಲ್ಲಿ, ಬೆರಿ ತಂಡ ಬಿಟ್ಟ. ಸುತ್ತಾಟ ಸಾಕು, ಹೊಲ ನೋಡಿಕೊಂಡಿರುತ್ತೇನೆ ಎಂಬುದು ಆತನ ಬಯಕೆ. ಆದರೆ ಒಬ್ಬ ಬಿಟ್ಟರೆ ತಂಡವೇ ಮುಗಿಯಿತು ಎಂದು ಇವರು ಹಿಂದಿನಿಂದ ಹೇಳಿಕೊಂಡು ಬಂದಿದ್ದರು. ಅದಕ್ಕೇ ಬೆರಿ ಒಂದು ಷರತ್ತು ಹಾಕಿದ: ನೀವು ಮೂವರು ಮುಂದುವರಿಸುವುದಾದರೆ ಮಾತ್ರ ಹೋಗುತ್ತೇನೆ, ನನ್ನಿಂದ ತಂಡ ಒಡೆಯುವುದಾದರೆ ಉಳಿಯುತ್ತೇನೆ. ಗೆಳೆಯರು ಒಪ್ಪಿ ಕಳಿಸಿಕೊಟ್ಟರು. ಮೂರು ಕಾಲಿನ ನಾಯಿಯೂ ನಾಯಿಯೇ, ಓಡುವ ಬಗೆಯನ್ನು ಹೊಸದಾಗಿ ಕಲಿಯಬೇಕು ಎಂಬ ಅರ್ಥದ ಮಾತನ್ನು ಸ್ಟೈಪ್ ಆಡಿದ. ಬೆರಿಯ ಜಾಗಕ್ಕೆ ಹೊಸ ಸದಸ್ಯನನ್ನು ಅವರು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ. ಬೇಕಾದಾಗ ಡ್ರಮ್ಸ್‌ಗೆ ಬೇರೆಯವರನ್ನು ಕರೆಸಿಕೊಂಡರು.

ಮುಗಿಸುವುದೂ ಒಂದು ಕಲೆ

ಹೊಸ ಓಟ ಸುಲಭವಾಗಲಿಲ್ಲ. ಅಮೆರಿಕದಲ್ಲಿ ಮಾರಾಟ ಇಳಿಯಿತು. 2004ರ ಆಲ್ಬಂ ಬಗ್ಗೆ ಬಕ್‌ಗೇ ಸಮಾಧಾನವಿರಲಿಲ್ಲ. 2007ರಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಗೌರವ ಬಂದಾಗ ಬೆರಿಯೂ ವೇದಿಕೆಗೆ ಬಂದು ನುಡಿಸಿದ. ಕರಾರಿನ ಐದು ಆಲ್ಬಂ ಮುಗಿಸಿ, ಒಟ್ಟು ಹದಿನೈದಾದ ಮೇಲೆ, 2011ರ ಸೆಪ್ಟೆಂಬರ್ 21ರಂದು ತಂಡ ಮುಗಿಯಿತೆಂದು ಪ್ರಕಟಿಸಿದರು. ಮೊಕದ್ದಮೆಯಿಲ್ಲ, ಪರಸ್ಪರ ದೂರಿಲ್ಲ, ‘ಕೊನೆಯ ಪ್ರವಾಸ’ ಎಂಬ ಹೆಸರಿನಲ್ಲಿ ಟಿಕೆಟ್ ಮಾರಾಟವೂ ಇಲ್ಲ. 2024ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಗೀತರಚನಕಾರರ ‘ಹಾಲ್ ಆಫ್ ಫೇಮ್’ ಗೌರವ ಸ್ವೀಕರಿಸಲು ಸೇರಿದ ನಾಲ್ವರೂ ‘ಲೂಸಿಂಗ್ ಮೈ ರಿಲಿಜನ್’ ಒಂದನ್ನು ಹಾಡಿದರು. ಗೌರವ ನಾಲ್ವರಿಗೂ ಸಂದಿತು. ಹಾಡಿನ ಕೆಳಗೆ ನಾಲ್ವರ ಹೆಸರೂ ಇತ್ತಲ್ಲ!

ಈ ಕತೆ ಓದಿ ನಾಳೆಯೇ ಕಾಲೇಜು ಬಿಡಲು ಹೊರಟ ಹುಡುಗರು ಒಂದು ಮಾತು ಗಮನಿಸಬೇಕು. ಅದೇ ವರ್ಷಗಳಲ್ಲಿ ಅಂಥದೇ ವ್ಯಾನ್ ಹತ್ತಿ, ಹೆಸರೂ ಉಳಿಯದೆ ಹೋದ ತಂಡಗಳಿಗೆ ಲೆಕ್ಕವಿಲ್ಲ. ಇವರು ಗೆದ್ದದ್ದು ಓದು ಬಿಟ್ಟದ್ದರಿಂದಲ್ಲ. ಏಳು ವರ್ಷ ತಾಳಿ ದುಡಿದದ್ದರಿಂದ, ಒಬ್ಬರ ಪಾಲನ್ನು ಇನ್ನೊಬ್ಬರು ನುಂಗದೆ ಇದ್ದುದರಿಂದ. ಹೆತ್ತವರೂ ಇನ್ನೊಂದನ್ನು ಗಮನಿಸಬಹುದು. ಮಗನೋ ಮಗಳೋ ಗೆಳೆಯರ ಗುಂಪು ಕಟ್ಟಿಕೊಂಡು ಹಾಡು, ನಾಟಕ, ಪತ್ರಿಕೆ ಎಂದು ಓಡಾಡುವಾಗ ‘ಇದರಿಂದ ಎಷ್ಟು ಸಂಪಾದನೆ?’ ಎಂದು ಕೇಳುವುದು ಸುಲಭ. ‘ಬಂದದ್ದನ್ನು ಹೇಗೆ ಹಂಚಿಕೊಳ್ಳುತ್ತೀರಿ?’ ಎಂದೂ ಕೇಳಿ ನೋಡಬಹುದು. ಆ ಪ್ರಶ್ನೆಗೆ ಉತ್ತರ ಇರುವ ಗುಂಪಿನಲ್ಲಿ ಮಗು ಇದ್ದರೆ, ಹಾಡು ಗೆಲ್ಲಲಿ ಬಿಡಲಿ, ಸ್ನೇಹವಂತೂ ಉಳಿದೀತು.